ಹೊಗೆ ನುಂಗದವರ ಬಾಯಿ: ಸುರುಟು, ಬೀಡಿ ಮತ್ತು ಕುಂದಾಪುರ ಸೀಮೆಯ ಬಾಯಿಯ ಆರೋಗ್ಯ

‘ಹೊಗಿ ಒಳ್ಗ್ ಎಳುದಿಲ್ಲ, ಬಾಯಗೇ ಬಿಡುದ್.’ ತಲ್ಲೂರು, ಹೆಮ್ಮಾಡಿ, ಗಂಗೊಳ್ಳಿ ಕಡೆ ಬೀಡಿ ಸೇದುವ ಹಿರಿಯರಲ್ಲಿ ‘ಆರೋಗ್ಯ ಹೇಗಿದೆ’ ಎಂದು ವಿಚಾರಿಸಿದರೆ ಈ ಮಾತು ಬರುವುದುಂಟು. ದೂರದ ದೇಶಗಳಲ್ಲಿ ಸಿಗಾರ್ ಸೇದುವವರ ಸಮಾಧಾನವೂ ಇದೇ. ಹೊಗೆ ಎದೆಗೆ ಇಳಿಯದಿದ್ದರೆ ಅಪಾಯವಿಲ್ಲ ಎಂಬ ಈ ನಂಬಿಕೆಯನ್ನು ಬಾಯಿಯ ಕಡೆಯಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಹೊಗೆ ಶ್ವಾಸಕೋಶಕ್ಕೆ ಇಳಿಯದೆ ಇರಬಹುದು. ಆದರೆ ಅದು ನಿಲ್ಲುವ ಜಾಗ ಬಾಯಿ. ಹಾಗಾಗಿ ಬಾಯಿಯ ಲೆಕ್ಕವನ್ನು ಬೇರೆಯಾಗಿಯೇ ಬರೆಯಬೇಕು.

ತಲ್ಲೂರಿನ ಪೇಟೆಯಲ್ಲಿ ಸಿಗಾರ್ ಸೇದುವವರನ್ನು ಹುಡುಕುತ್ತಾ ಹೊರಟರೆ ಬರಿಗೈಲಿ ಮರಳಬೇಕಾದೀತು. ಇಲ್ಲಿ ಸೇದುವುದು ಬೀಡಿ, ಸಿಗರೇಟು, ಜಗಿಯುವುದು ಕವಳ. ಆದರೂ ಸಿಗಾರ್ ನಮಗೆ ಅಪರಿಚಿತವಲ್ಲ. ತಮಿಳಿನ ‘ಸುರುಟ್ಟು’ ಇಂಗ್ಲಿಷಿಗೆ ಹೋಗಿ ‘ಚೆರೂಟ್’ ಆಯಿತು. ಕನ್ನಡದ ಸುರುಳಿಯೂ ಸುರುಟೂ ಅದೇ ಕುಲದ ಮಾತುಗಳು. ದಿಂಡಿಗಲ್, ತಿರುಚ್ಚಿರಾಪಳ್ಳಿಗಳ ಸುರುಟು ಒಂದು ಕಾಲಕ್ಕೆ ಲಂಡನ್ನಿನವರೆಗೂ ಹೋಗುತ್ತಿತ್ತು. ಆಂಧ್ರದ ಉತ್ತರ ಕರಾವಳಿಯಲ್ಲಿ ಅದು ‘ಚುಟ್ಟ’. ನಮ್ಮ ಕಾನೂನಂತೂ ಬೀಡಿ, ಸಿಗಾರ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿತ್ತು: 1966ರ ಕಾಯ್ದೆಯ ಹೆಸರೇ ‘ಬೀಡಿ ಮತ್ತು ಸಿಗಾರ್ ಕಾರ್ಮಿಕರ (ಉದ್ಯೋಗದ ಷರತ್ತುಗಳು) ಕಾಯ್ದೆ’. ತಂಬಾಕು ಈ ನೆಲಕ್ಕೆ ಬಂದ ಕಥೆಯಲ್ಲೂ ಕರ್ನಾಟಕಕ್ಕೆ ಪಾಲಿದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ಕಂಡ ತಂಬಾಕನ್ನು ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟನು. ಆಸ್ಥಾನದ ವೈದ್ಯರು ಅಂದೇ ಬೇಡವೆಂದಿದ್ದರು.

ಬೀಡಿಯೊಂದನ್ನು ಕಾಗದದ ಮೇಲೆ ಬಿಚ್ಚಿ ನೋಡಿ. ತಗಡಿನ ಅಳತೆ ಇಟ್ಟು ಕತ್ತರಿಸಿದ ಒಂದು ಎಲೆ, ಸುತ್ತಿದ ನೂಲು, ಒಳಗೆ ಒಂದು ಚಿಟಿಕೆ ತಂಬಾಕು. ತೂಗಿದರೆ ಆ ತಂಬಾಕು ಒಂದು ಗ್ರಾಮಿನ ಕಾಲುಭಾಗದ ಆಸುಪಾಸು. ತುಟಿಗೆ ತಾಗುವುದು ಎಲೆಯೇ ಹೊರತು ತಂಬಾಕಲ್ಲ. ಸಿಗಾರಿನ ಕಟ್ಟಡ ಬೇರೆ. ಒಳಗಿನ ತುಂಬು, ಅದನ್ನು ಬಿಗಿಯುವ ಪದರ, ಹೊರಗಿನ ಹೊದಿಕೆ ಮೂರೂ ತಂಬಾಕಿನ ಎಲೆಗಳೇ. ದೊಡ್ಡ ಸಿಗಾರ್ ಒಂದರಲ್ಲಿ 5 ಗ್ರಾಮಿನಿಂದ 20 ಗ್ರಾಮಿನವರೆಗೆ ತಂಬಾಕಿರಬಹುದು. ಸಿಗರೇಟಿನಲ್ಲಿ 1 ಗ್ರಾಮಿಗಿಂತ ಕಡಿಮೆ. ಸಿಗಾರ್ ಹಚ್ಚದೆ ಸುಮ್ಮನೆ ತುಟಿಯಲ್ಲಿ ಕಚ್ಚಿಕೊಂಡರೂ ಜೊಲ್ಲಿನಲ್ಲಿ ನೆನೆದ ಎಲೆಯಿಂದ ನಿಕೋಟಿನ್ ಬಾಯಿಗೆ ಇಳಿಯುತ್ತದೆ.

ಹೊಗೆ ಎಳೆಯದೆಯೂ ಸಿಗಾರಿನ ಚಟ ಹತ್ತುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಿರುವುದು ಎಲೆಯನ್ನು ಹದ ಮಾಡುವ ರೀತಿಯಲ್ಲಿ. ಸಿಗರೇಟಿನ ತಂಬಾಕನ್ನು ಪಿರಿಯಾಪಟ್ಟಣ, ಹುಣಸೂರುಗಳಲ್ಲಿ ಕಾಣುವಂತೆ ಬ್ಯಾರನ್ನಿನಲ್ಲಿ ಕಾಯಿಸಿ ಒಣಗಿಸುತ್ತಾರೆ. ಅದರ ಹೊಗೆ ಸ್ವಲ್ಪ ಆಮ್ಲೀಯ. ಸಿಗಾರಿನ ಎಲೆಯನ್ನು ಗಾಳಿಯಲ್ಲಿ ಒಣಗಿಸಿ, ರಾಶಿ ಹಾಕಿ, ತಿಂಗಳುಗಟ್ಟಲೆ ಹುದುಗಿಸುತ್ತಾರೆ. ಆ ಹೊಗೆ ಕ್ಷಾರೀಯ. ಕ್ಷಾರೀಯ ಹೊಗೆಯಲ್ಲಿ ನಿಕೋಟಿನ್ ವಿದ್ಯುದಂಶವಿಲ್ಲದ ರೂಪದಲ್ಲಿರುವುದರಿಂದ ಕೆನ್ನೆಯ ಒಳಪದರವನ್ನು ನೇರವಾಗಿ ದಾಟಿ ರಕ್ತಕ್ಕೆ ಸೇರುತ್ತದೆ. ಸಿಗರೇಟಿನ ನಿಕೋಟಿನ್‌ಗೆ ಶ್ವಾಸಕೋಶದ ದಾರಿ ಬೇಕು, ಸಿಗಾರಿಗೆ ಬೇಡ. ಕವಳಕ್ಕೆ ಸುಣ್ಣ ಹಚ್ಚುವುದು ಮಾಡುವ ಕೆಲಸವೂ ಇದೇ: ಸುಣ್ಣದ ಕ್ಷಾರ ಹೊಗೆಸೊಪ್ಪಿನ ನಿಕೋಟಿನ್ನನ್ನು ಬಿಡಿಸಿಕೊಡುತ್ತದೆ. ಹುದುಗಿಸುವಾಗ ಇನ್ನೊಂದೂ ಆಗುತ್ತದೆ. ತಂಬಾಕಿಗೇ ವಿಶಿಷ್ಟವಾದ ನೈಟ್ರೋಸಮೀನ್‌ಗಳು ಹೆಚ್ಚುತ್ತವೆ. ಇವುಗಳಲ್ಲಿ ಎರಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ನಿರ್ಧರಿಸಿದೆ.

ಬಾಯಿಯಲ್ಲಿ ಈ ಹೊಗೆಯ ಗುರುತು ಮೊದಲು ಕಾಣುವುದು ಅಂಗುಳದಲ್ಲಿ, ಯಾರೂ ನೋಡಿಕೊಳ್ಳದ ಜಾಗದಲ್ಲಿ. ಕೈಗನ್ನಡಿ ಹಿಡಿದು ಬಾಯಿ ಅಗಲಿಸಿ ತಲೆ ಹಿಂದೆ ಬಾಗಿಸಿದರೆ ಮುಂಭಾಗದ ಗಟ್ಟಿ ಅಂಗುಳ ಕಾಣುತ್ತದೆ. ಆರೋಗ್ಯವಂತರಲ್ಲಿ ಅದು ತಿಳಿಗುಲಾಬಿ. ಬಹುಕಾಲ ಸಿಗಾರ್, ಪೈಪ್ ಸೇದಿದವರಲ್ಲಿ ಅದು ಬೂದು ಬಿಳಿಯಾಗಿ ದಪ್ಪಗಟ್ಟಿ, ಒಣಗಿದ ಕೆರೆಯ ಮಣ್ಣಿನಂತೆ ಸಣ್ಣಗೆ ಬಿರಿದಿರುತ್ತದೆ. ಆ ಬಿಳುಪಿನ ನಡುನಡುವೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ಅವು ಅಂಗುಳದ ಪುಟ್ಟ ಜೊಲ್ಲುಗ್ರಂಥಿಗಳ ಬಾಯಿಗಳು, ಬಿಸಿಗೆ ಊದಿಕೊಂಡವು. ನೋವಿಲ್ಲ, ಉರಿಯಿಲ್ಲ, ಹಾಗಾಗಿ ಯಾರೂ ಲಕ್ಷ್ಯ ಕೊಡುವುದಿಲ್ಲ. ಸೇದುವುದನ್ನು ಬಿಟ್ಟರೆ ಕೆಲವೇ ವಾರಗಳಲ್ಲಿ ಬಹುಪಾಲು ಮಾಯವಾಗುವ ಬದಲಾವಣೆ ಇದು. ಚಟ ಬಿಟ್ಟಿದ್ದರ ಫಲವನ್ನು ಇಷ್ಟು ಬೇಗ ಕಣ್ಣಾರೆ ತೋರಿಸುವ ಅಂಗ ದೇಹದಲ್ಲಿ ಇನ್ನೊಂದು ಇರಲಾರದು. ಸಲಹೆ ಕೊಡುವವರು ಇದನ್ನು ಬಳಸಿಕೊಳ್ಳದಿರುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಇದೇ ಅಂಗುಳ ಆಂಧ್ರದ ಶ್ರೀಕಾಕುಳಂ ಜಿಲ್ಲೆಯಲ್ಲಿ ಬೇರೆ ಕಥೆ ಹೇಳುತ್ತದೆ. ಅಲ್ಲಿನ ಹಳ್ಳಿಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ, ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗೆ ಇಟ್ಟು ಸೇದುವ ರೂಢಿ ಇತ್ತು. ಗಾಳಿ ಮಳೆಗೆ ಕಿಡಿ ಆರುವುದಿಲ್ಲ ಎಂಬುದು ಅವರು ಕೊಡುವ ಕಾರಣಗಳಲ್ಲೊಂದು. ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಮತ್ತು ಮುಂಬಯಿಯ ಮೆಹ್ತಾ, ಗುಪ್ತಾ, ದಫ್ತರಿ ಅವರ ತಂಡ 10,169 ಹಳ್ಳಿಗರ ಬಾಯಿ ಪರೀಕ್ಷಿಸಿ 1971ರಲ್ಲಿ ಫಲಿತಾಂಶ ಪ್ರಕಟಿಸಿತು. ಅಂಗುಳದ ಗಾಯಗಳು ಹೀಗೆ ತಿರುಗಿಸಿ ಸೇದುವವರಲ್ಲೇ ಕಿಕ್ಕಿರಿದಿದ್ದವು. ಬೇರೆಡೆ ಅಪರೂಪವಾದ ಗಟ್ಟಿ ಅಂಗುಳದ ಕ್ಯಾನ್ಸರ್ ಅಲ್ಲಿ ಅಪರೂಪವಾಗಿರಲಿಲ್ಲ. ಕಿಡಿ ತಾಗುವಲ್ಲೇ ರೋಗ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಡ.

ಒಸಡಿನ ವಿಷಯ ಇಷ್ಟು ನೇರವಾಗಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಸೇದುವವರ ಒಸಡಿನಲ್ಲಿ ರಕ್ತ ಬರುವುದು ಕಡಿಮೆ. ‘ಹಲ್ಲುಜ್ಜಿದರೆ ರಕ್ತ ಬರುವುದಿಲ್ಲ, ಒಸಡು ಗಟ್ಟಿ’ ಎಂಬ ಭರವಸೆ ಹುಟ್ಟುವುದು ಹೀಗೆ. ಒಳಗೆ ಹಲ್ಲು ಹಿಡಿದ ಎಲುಬು ಸವೆಯುತ್ತಲೇ ಇರುತ್ತದೆ. ಅಮೆರಿಕದಲ್ಲಿ ಅಲ್ಬಂದರ್ ಮತ್ತು ಸಂಗಡಿಗರು 705 ಮಂದಿಯನ್ನು ಪರೀಕ್ಷಿಸಿ 2000ದಲ್ಲಿ ವರದಿ ಮಾಡಿದರು. ಮಧ್ಯಮ ಅಥವಾ ತೀವ್ರ ಒಸಡುರೋಗ ಸೇದದವರಲ್ಲಿ ಶೇ. 13.1, ಸಿಗಾರ್ ಅಥವಾ ಪೈಪ್ ಸೇದುವ ಇಲ್ಲವೇ ಹಿಂದೆ ಸೇದಿದ್ದವರಲ್ಲಿ ಶೇ. 17.6, ಸಿಗರೇಟು ಸೇದುವವರಲ್ಲಿ ಶೇ. 25.7. ಕಳೆದುಕೊಂಡ ಹಲ್ಲುಗಳ ಸರಾಸರಿ ಸೇದದವರಲ್ಲಿ 2.8 ಇದ್ದರೆ ಸಿಗಾರ್, ಪೈಪಿನವರಲ್ಲಿ 4. ಸಿಗರೇಟಿಗಿಂತ ಸಿಗಾರ್ ವಾಸಿ ಎಂದು ವಾದಿಸುವವರು ಈ ಸಂಖ್ಯೆಗಳನ್ನೇ ಮುಂದಿಡಬಹುದು. ಹೋಲಿಕೆ ಮಾಡಬೇಕಾದುದು ಸೇದದವರೊಂದಿಗೆ ಎಂಬುದನ್ನು ಆ ವಾದ ಮರೆಯುತ್ತದೆ. ಕಲೆಗಟ್ಟಿದ ಹಲ್ಲು, ಬಾಯಿ ವಾಸನೆ, ಹಲ್ಲು ಕಿತ್ತ ಗುಳಿ ಬೇಗ ಮಾಯದಿರುವುದು ಎಲ್ಲ ಬಗೆಯ ಹೊಗೆಗೂ ಸಮಾನ.

ಕ್ಯಾನ್ಸರಿನ ಲೆಕ್ಕಕ್ಕೆ ಬಂದರೆ, ಕ್ಯಾಲಿಫೋರ್ನಿಯಾದಲ್ಲಿ 17,774 ಗಂಡಸರನ್ನು ದಶಕಗಳ ಕಾಲ ಗಮನಿಸಿ 1999ರಲ್ಲಿ ಪ್ರಕಟವಾದ ಅಧ್ಯಯನ ಸಿಗಾರ್ ಸೇದುವವರಲ್ಲಿ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಎಂದು ಕಂಡಿತು. ನಮಗೆ ಹತ್ತಿರವಾದ ಸಂಖ್ಯೆ ಬೀಡಿಯದು. ಬೀಡಿ ಮತ್ತು ಬಾಯಿ ಕ್ಯಾನ್ಸರ್ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿದ 2003ರ ವಿಶ್ಲೇಷಣೆಯಲ್ಲಿ ಬೀಡಿ ಸೇದುವವರ ಅಪಾಯ ಸೇದದವರ 3.1 ಪಟ್ಟು. ಬೀಡಿ ಸಣ್ಣದು, ಬಡವರದು, ‘ಎಲೆಯದು’ ಎಂಬ ಸಲಿಗೆಗೆ ಈ ಸಂಖ್ಯೆಯ ಮುಂದೆ ಜಾಗವಿಲ್ಲ. ಬೀಡಿಯ ಎಲೆ ಸಿಗರೇಟಿನ ಕಾಗದದಷ್ಟು ಸುಲಭವಾಗಿ ಉರಿಯದು. ಆರದಂತೆ ನೋಡಿಕೊಳ್ಳಲು ಮತ್ತೆ ಮತ್ತೆ ಎಳೆಯಲೇಬೇಕು.

ಕುಂದಾಪುರ ಸೀಮೆಯ ಬಾಯಿಯನ್ನು ಅರ್ಥ ಮಾಡಿಕೊಳ್ಳಲು ಇನ್ನೊಂದು ಅಂಶ ಸೇರಬೇಕು. 2016–17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರು ಶೇ. 8.8, ಜಗಿಯುವ ಹಾಗೂ ಇತರ ಹೊಗೆರಹಿತ ರೂಪ ಬಳಸುವವರು ಶೇ. 16.3. ಈ ಎರಡನ್ನು ಕೂಡಿಸಿದರೆ ಮೊತ್ತ ಒಟ್ಟು ಬಳಕೆದಾರರಿಗಿಂತ ಹೆಚ್ಚಾಗುತ್ತದೆ. ಎಂದರೆ ಎರಡನ್ನೂ ಮಾಡುವವರಿದ್ದಾರೆ. ಊಟವಾದ ಮೇಲೆ ಕವಳ, ಅದನ್ನು ಉಗುಳಿದ ಮೇಲೆ ಬೀಡಿ. ಕವಳದಲ್ಲಿರುವ ಅಡಕೆಯೇ ಸ್ವತಃ ಕ್ಯಾನ್ಸರ್‌ಕಾರಕವೆಂದು ತೀರ್ಮಾನವಾಗಿದೆ. ಬಾಯಿ ತೆರೆಯಲಾಗದಂತೆ ಕೆನ್ನೆ ಬಿಗಿಯುವ ರೋಗಕ್ಕೆ ಅದೇ ಮುಖ್ಯ ಕಾರಣ. ಸುಣ್ಣದಿಂದ ಕೆಣಕಿದ ಕೆನ್ನೆಯ ಮೇಲೆ ಬೀಡಿಯ ಹೊಗೆ ಬೀಳುವ ನಮ್ಮ ಪರಿಸ್ಥಿತಿಯನ್ನು ಅಮೆರಿಕದ ಸಿಗಾರ್ ಅಧ್ಯಯನಗಳಿಂದ ಅಳೆಯಲಾಗದು.

ಕರಾವಳಿಯಲ್ಲಿ ಬೀಡಿ ಎಂದರೆ ಚಟ ಮಾತ್ರವಲ್ಲ, ಅನ್ನವೂ ಹೌದು ಎಂಬುದನ್ನು ಮರೆತು ಬರೆಯಲಾರೆ. ಮನೆಯ ಜಗಲಿಯಲ್ಲಿ ಗೆರಸೆ ತೊಡೆಯ ಮೇಲಿಟ್ಟು ಬೀಡಿ ಕಟ್ಟಿ, ಬ್ರಾಂಚಿಗೆ ಕೊಟ್ಟು, ಸಾವಿರಕ್ಕಿಷ್ಟು ಎಂದು ಮಜೂರಿ ಪಡೆದು ಮಕ್ಕಳನ್ನು ಓದಿಸಿದ ತಾಯಂದಿರು ಉಡುಪಿ, ದಕ್ಷಿಣ ಕನ್ನಡದಲ್ಲಿ ಮನೆಮನೆಗೂ ಇದ್ದರು. ಒಂದು ಬೀಡಿಯನ್ನೂ ಸೇದದ ಅವರ ಬೆರಳುಗಳಿಂದಲೂ ನಿಕೋಟಿನ್ ಮೈಗೆ ಸೇರುತ್ತದೆ. ಸೇದುವವರನ್ನು ದೂರುವ ಪ್ರಚಾರ ಈ ಮನೆಗಳಲ್ಲಿ ಕಿವಿಗೆ ಬೀಳದಿರುವುದು ಸಹಜ. ಬದಲಿ ದುಡಿಮೆಯ ಮಾತು ಅದರ ಜೊತೆಗೇ ಬರಬೇಕು.

ಆಗಬೇಕಾದ ಕೆಲಸಕ್ಕೆ ಮಾದರಿಗಳಿವೆ. ಎರ್ನಾಕುಲಂ, ಶ್ರೀಕಾಕುಳಂ, ಭಾವನಗರಗಳಲ್ಲಿ ಸುಮಾರು 36,000 ತಂಬಾಕು ಬಳಕೆದಾರರಿಗೆ ಬಿಡುವಂತೆ ತಿಳಿಹೇಳಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಬಿಟ್ಟವರಲ್ಲಿ ಬಿಳಿ ಮಚ್ಚೆಗಳು ಹುಟ್ಟುವುದು ಕಡಿಮೆಯಾಗಿತ್ತು. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಹಿಡಿದು ಬಾಯಿ ನೋಡಿದ ಪ್ರಯೋಗದಲ್ಲಿ ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರ ಬಾಯಿ ಕ್ಯಾನ್ಸರ್ ಸಾವು ಮೂರನೇ ಒಂದರಷ್ಟು ಇಳಿಯಿತು ಎಂದು 2005ರ ವರದಿ ಹೇಳಿತು. ದುಬಾರಿ ಯಂತ್ರ ಬೇಕಾಗಿರಲಿಲ್ಲ. 1965ರಿಂದ ದಂತವೈದ್ಯಕೀಯ ಕಾಲೇಜು ಇರುವ ಮಣಿಪಾಲ ತಲ್ಲೂರಿನಿಂದ ಸುಮಾರು ಒಂದು ಗಂಟೆಯ ದಾರಿ. ಇಲ್ಲಿನ ಸಂಶೋಧಕರಲ್ಲಿ ನನ್ನ ವಿನಂತಿ ಇಷ್ಟೇ: ಬಾಯಿ ಪರೀಕ್ಷೆಯ ನಮೂನೆಯಲ್ಲಿ ‘ತಂಬಾಕು: ಹೌದು, ಇಲ್ಲ’ ಎಂದು ಮುಗಿಸಬೇಡಿ. ಬೀಡಿ, ಸಿಗರೇಟು, ಸುರುಟು, ಕವಳ ಇವಕ್ಕೆ ಬೇರೆ ಬೇರೆ ಕಾಲಂ ಇರಲಿ. ಹೊಗೆ ಒಳಗೆ ಎಳೆಯುತ್ತಾರೋ ಬಾಯಲ್ಲೇ ಬಿಡುತ್ತಾರೋ ಎಂದು ಕೇಳಿ ಬರೆದುಕೊಳ್ಳಿ. ಅಂಗುಳವನ್ನು ತಪ್ಪದೆ ನೋಡಿ. ಓದುಗರಲ್ಲಿ ಸೇದುವವರಿದ್ದರೆ ಇಂದೇ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳಲಿ. ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ದಂತವೈದ್ಯರಲ್ಲಿಗೆ ಹೋಗಬೇಕು. ಬಿಡಲು ನೆರವು ಬೇಕಾದವರಿಗೆ ರಾಷ್ಟ್ರೀಯ ಸಹಾಯವಾಣಿಯ ಉಚಿತ ಸಂಖ್ಯೆ 1800-11-2356.