ಮುಪ್ಪಿಗೆ ಕವಚ, ಮಕ್ಕಳಿಗೆ ಒಗಟು

ಮನೆಯಲ್ಲಿರುವ ಮುದುಕರಿಗೆ ಹೊತ್ತಿಗೆ ಸರಿಯಾಗಿ ಊಟ, ಔಷಧ, ಬೆಚ್ಚನೆಯ ಹಾಸಿಗೆ ಒದಗಿಸಿದರೆ ನಮ್ಮ ಕರ್ತವ್ಯ ತೀರಿತೆಂದು ನಾವು ತಿಳಿಯುತ್ತೇವೆ. ಮಕ್ಕಳ ವಿಷಯದಲ್ಲಿಯೂ ಹಾಗೆಯೇ: ಪುಸ್ತಕ, ಉಡುಪು, ಮನೆಪಾಠ. ಮುದುಕರ ಮನಸ್ಸಿಗೆ ಧೈರ್ಯ ಬೇಕು, ಮಕ್ಕಳ ಬುದ್ಧಿಗೆ ಸ್ವಂತವಾಗಿ ಯೋಚಿಸುವ ಅವಕಾಶ ಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಒಂದನ್ನು ದೇವಸ್ಥಾನಕ್ಕೆ, ಇನ್ನೊಂದನ್ನು ಪಾಠಶಾಲೆಗೆ ಒಪ್ಪಿಸಿ ಸುಮ್ಮನಾಗುತ್ತೇವೆ. ಹಿಂದಿನವರು ಇವೆರಡಕ್ಕೂ ಒಂದೇ ಸಾಧನವನ್ನು ಬಳಸುತ್ತಿದ್ದರು. ಅದು ಕಥೆ. ಇದಕ್ಕೆ ನಮ್ಮ ಹಳೆಯ ಸಾಹಿತ್ಯದಲ್ಲಿರುವ ಎರಡು ಸಾಕ್ಷಿಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದು ‘ವಡ್ಡಾರಾಧನೆ’. ನಮಗೆ ದೊರೆತಿರುವ ಕನ್ನಡ ಗದ್ಯಕಥಾಸಂಗ್ರಹಗಳಲ್ಲಿ ಇದೇ ಅತ್ಯಂತ ಹಳೆಯದು. ಸುಮಾರು ಹತ್ತನೆಯ ಶತಮಾನದ್ದೆಂದು ಹೇಳುತ್ತಾರೆ. ಶಿವಕೋಟ್ಯಾಚಾರ್ಯನ ಹೆಸರಿನಲ್ಲಿ ಪ್ರಸಿದ್ಧವಾದ ಈ ಗ್ರಂಥವನ್ನು ಸಂಪಾದಿಸಿ ಕೊಟ್ಟವರು ಡಿ. ಎಲ್. ನರಸಿಂಹಾಚಾರ್ಯರು. ಕರ್ತೃವಿನ ವಿಷಯದಲ್ಲಿಯೂ ಗ್ರಂಥನಾಮದ ವಿಷಯದಲ್ಲಿಯೂ ವಿದ್ವಾಂಸರಲ್ಲಿ ಚರ್ಚೆಯುಂಟು. ‘ವಡ್ಡ’ ಎಂದರೆ ದೊಡ್ಡದು ಎನ್ನುವವರಿದ್ದಾರೆ. ಅದು ‘ವೃದ್ಧ’ ಶಬ್ದದಿಂದ ಬಂದುದೆನ್ನುವವರೂ ಇದ್ದಾರೆ.

ಇದರಲ್ಲಿ 19 ಕಥೆಗಳಿವೆ. ಪ್ರತಿಯೊಂದು ಕಥೆಯ ಮೊದಲಿಗೂ ಒಂದು ಪ್ರಾಕೃತ ಗಾಹೆ. ಈ ಗಾಹೆಗಳ ಮೂಲವನ್ನು ಹುಡುಕುತ್ತ ಹೋದರೆ ಶಿವಾರ್ಯನ ‘ಭಗವತೀ ಆರಾಧನೆ’ಯ ಬಳಿಗೆ ಬರುತ್ತೇವೆ. ಎರಡು ಸಾವಿರಕ್ಕೂ ಹೆಚ್ಚು ಗಾಹೆಗಳಿರುವ ಈ ಜೈನಗ್ರಂಥದ ಮುಖ್ಯ ವಿಷಯ ಸಲ್ಲೇಖನ, ಎಂದರೆ ಆಯುಸ್ಸಿನ ಕೊನೆ ಬಂತೆಂದು ತಿಳಿದವರು ಕ್ರಮವಾಗಿ ಆಹಾರವನ್ನು ಬಿಟ್ಟು ಶಾಂತಚಿತ್ತದಿಂದ ದೇಹತ್ಯಾಗ ಮಾಡುವ ವ್ರತ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಏಳನೆಯ ಶತಮಾನದಿಂದ ಮೊದಲುಗೊಂಡು ಇಂಥ ಮರಣಗಳನ್ನು ಸ್ಮರಿಸುವ ಶಾಸನಗಳನ್ನು ಕಾಣಬಹುದು. ಗಂಗರ ದೊರೆ ಮಾರಸಿಂಹನು 974ರಲ್ಲಿ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಈ ವ್ರತವನ್ನು ಕೈಗೊಂಡನು.

ವ್ರತವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ನಾವು ಗಮನಿಸಬೇಕಾದುದು ಅಲ್ಲಿ ನಡೆಯುತ್ತಿದ್ದ ಉಪಚಾರದ ಕ್ರಮವನ್ನು. ವ್ರತದಲ್ಲಿರುವವರನ್ನು ನೋಡಿಕೊಳ್ಳುವವರಿಗೆ ನಿರ್ಯಾಪಕರೆಂದು ಹೆಸರು. ಅವರು 48 ಮಂದಿ ಇರಬೇಕೆಂಬುದು ಗ್ರಂಥದ ಆದರ್ಶ. ನಾಲ್ವರು ನಾಲ್ವರಾಗಿ ಕೆಲಸವನ್ನು ಹಂಚಿಕೊಳ್ಳಬೇಕು: ಕೆಲವರು ಕೈಹಿಡಿದು ಎಬ್ಬಿಸಿ ಕೂರಿಸಲು, ಮಗ್ಗುಲು ಹೊರಳಿಸಲು, ಕೆಲವರು ಮಲಮೂತ್ರಗಳನ್ನು ತೆಗೆಯಲು, ಕೆಲವರು ಬಾಗಿಲು ಕಾಯಲು, ಕೆಲವರು ರಾತ್ರಿ ಎಚ್ಚರವಿರಲು. ಇವರ ಸಾಲಿನಲ್ಲಿಯೇ ಧರ್ಮಕಥೆ ಹೇಳುವ ನಾಲ್ವರೂ ಇದ್ದಾರೆ. ಅಷ್ಟು ಜನ ದೊರೆಯದ ಕಾಲದಲ್ಲಿ ಇಬ್ಬರಾದರೂ ಇರಬೇಕು, ಒಬ್ಬನು ಸಾಲದು. ಕಥೆ ಹೇಳುವುದನ್ನು ಮಗ್ಗುಲು ಹೊರಳಿಸುವುದರಷ್ಟೇ ಅಗತ್ಯವಾದ ಶುಶ್ರೂಷೆಯೆಂದು ಎಣಿಸಿದ್ದರೆಂಬುದನ್ನು ನೋಡಿ! ನೋವು ಹೆಚ್ಚಿ ಮನಸ್ಸು ತತ್ತರಿಸುವ ಹೊತ್ತಿನಲ್ಲಿ ಗುರು ಹೇಳುವ ಹಿತನುಡಿಗೆ ‘ಕವಚ’ವೆಂದೇ ಹೆಸರು. ಹಿಂದಿನವರು ಕಷ್ಟವನ್ನು ಹೇಗೆ ಗೆದ್ದರೆಂಬ ನಿದರ್ಶನಗಳು ಅದರಲ್ಲಿ ಸೇರಿವೆ. ಆ ನಿದರ್ಶನಗಳೇ ಕನ್ನಡದಲ್ಲಿ ಬೆಳೆದು ವಡ್ಡಾರಾಧನೆಯ ಕಥೆಗಳಾದವು.

ಅವುಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯನ್ನೇ ತೆಗೆದುಕೊಳ್ಳಿ. ಉಜ್ಜಯಿನಿಯ ಸಿರಿವಂತೆ ಯಶೋಭದ್ರೆಯ ಮಗ ಸುಕುಮಾರ. ಅವನ ವೈಭವವನ್ನು ನೋಡಲು ರಾಜನು ಮನೆಗೆ ಬರುತ್ತಾನೆ. ದೀಪ ತಂದಾಗ ಹುಡುಗನ ಕಣ್ಣಿನಲ್ಲಿ ನೀರು. ಪೀಠದ ಮೇಲೆ ನೆಟ್ಟಗೆ ಕೂರಲಾರದೆ ಮಿಸುಕಾಡುತ್ತಾನೆ. ಊಟಕ್ಕೆ ಕುಳಿತರೆ ಅನ್ನವನ್ನು ಅಗುಳು ಅಗುಳಾಗಿ ಆಯ್ದು ತಿನ್ನುತ್ತಾನೆ. ಇವು ಮೂರೂ ರೋಗಗಳಿರಬೇಕೆಂದು ರಾಜನ ಎಣಿಕೆ. ಇಷ್ಟನ್ನು ತರಗತಿಯಲ್ಲಿ ಹೇಳಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿದರೆ ಮಕ್ಕಳು ಸುಮ್ಮನಿರುವರೆ? ಕಣ್ಣುಬೇನೆ ಎಂದು ಒಬ್ಬ, ನಾಚಿಕೆ ಎಂದು ಇನ್ನೊಬ್ಬ, ಅನ್ನದಲ್ಲಿ ಕಲ್ಲಿತ್ತೆಂದು ಮತ್ತೊಬ್ಬ, ಹೀಗೆ ಹತ್ತಾರು ಊಹೆಗಳು ಹೊರಡುತ್ತವೆ. ತಾಯಿಯ ಉತ್ತರ ಬೇರೆಯೇ ಇದೆ. ರತ್ನದ ಬೆಳಕನ್ನಲ್ಲದೆ ದೀಪದ ಉರಿಯನ್ನು ಅವನು ಕಂಡವನಲ್ಲ. ಮಂಗಳಕ್ಕೆಂದು ಚೆಲ್ಲಿದ ಬಿಳಿಸಾಸಿವೆಯ ಕಾಳು ಅವನಿಗೆ ಒತ್ತುತ್ತಿತ್ತು. ತಾವರೆಯಲ್ಲಿಟ್ಟು ಪರಿಮಳಗೊಳಿಸಿದ ಅಕ್ಕಿಗೆ ಆ ದಿನ ಬೇರೆ ಅಕ್ಕಿ ಬೆರೆತಿತ್ತು. ಉತ್ತರ ಮಕ್ಕಳ ಊಹೆಗೆ ನಿಲುಕದಿದ್ದರೂ ನಷ್ಟವಿಲ್ಲ. ಕಾಣುವ ಒಂದು ಕಾರ್ಯಕ್ಕೆ ಹಲವು ಕಾರಣಗಳನ್ನು ಕಲ್ಪಿಸಿ ನೋಡಿದರಲ್ಲ, ಸೃಷ್ಟಿಶೀಲ ಬುದ್ಧಿಯ ಮೊದಲ ಪಾಠ ಅದೇ.

ಅದೇ ಕಥೆಯ ಮುಂದಿನ ಭಾಗ ಮುಪ್ಪಿನವರಿಗೆ. ಸಾಸಿವೆಕಾಳನ್ನು ತಾಳಲಾರದ ಆ ಸುಕುಮಾರನೇ, ತನಗೆ ಇನ್ನು ಮೂರೇ ದಿನ ಆಯುಸ್ಸೆಂದು ತಿಳಿದು ಬರಿಗಾಲಿನಲ್ಲಿ ಹೊರಟು, ಅಡವಿಯಲ್ಲಿ ನರಿಯೂ ಅದರ ಮರಿಗಳೂ ಮೂರು ರಾತ್ರಿ ತಿನ್ನುತ್ತಿದ್ದರೂ ಅಲುಗದೆ ಇರುತ್ತಾನೆ. ನರಿಯ ಸಂಗತಿಯನ್ನು ಎಳೆಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಆದರೆ ಕೀಲುನೋವಿನಿಂದ ನಿದ್ದೆ ಬಾರದ ಅಜ್ಜಿಗೆ, ಇಷ್ಟು ಮೃದುವಾದವನೂ ತಾಳಿಕೊಂಡನೆಂಬ ಮಾತು ಉಪದೇಶಕ್ಕಿಂತ ಹೆಚ್ಚಿನ ಆಸರೆಯಾಗಬಲ್ಲದು.

ಎರಡನೆಯ ಸಾಕ್ಷಿ ಪಂಚತಂತ್ರ. ಕನ್ನಡದಲ್ಲಿ ಇದನ್ನು ಹನ್ನೊಂದನೆಯ ಶತಮಾನದಲ್ಲಿ, ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿ, ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ರಚಿಸಿದನು. ಸಂಸ್ಕೃತದ ಪ್ರಸಿದ್ಧ ಪಾಠದಲ್ಲಿ, ಓದು ಹತ್ತದ ಮೂವರು ರಾಜಕುಮಾರರನ್ನು ಆರು ತಿಂಗಳಲ್ಲಿ ನೀತಿನಿಪುಣರನ್ನಾಗಿ ಮಾಡುತ್ತೇನೆಂದು ಒಪ್ಪಿಕೊಳ್ಳುವ ವಿಷ್ಣುಶರ್ಮನಿಗೆ ಎಂಬತ್ತು ವರ್ಷ. ತನಗೆ ಧನದ ಆಸೆಯಿಲ್ಲವೆಂದು ಅವನು ರಾಜನಿಗೆ ಹೇಳುತ್ತಾನೆ. ಆ ವಯಸ್ಸಿನವನನ್ನು ಮೂಲೆಯಲ್ಲಿ ಕೂರಿಸದೆ ಮಕ್ಕಳ ನಡುವೆ ಕೂರಿಸಿದ್ದು ಕಥೆಗಾರನ ವಿವೇಕ. ಇಲ್ಲಿ ಕಥೆ ಕಟ್ಟುವ ಬಗೆಯೂ ವಿಚಾರಯೋಗ್ಯವಾದುದು. ಏಡಿಯಿಂದ ಬಕ ಸತ್ತಂತೆ ಆದೀತು ಎಂದು ಒಂದು ಪಾತ್ರ ಹೇಳುತ್ತದೆ. ಅದು ಹೇಗೆ ಎಂದು ಇನ್ನೊಂದು ಕೇಳುತ್ತದೆ. ಆಗ ಹೊಸ ಕಥೆ ಆರಂಭವಾಗುತ್ತದೆ. ಪ್ರಶ್ನೆ ಕೇಳುವವರಿಲ್ಲದಿದ್ದರೆ ಪಂಚತಂತ್ರ ಮುಂದೆ ಸಾಗುವುದೇ ಇಲ್ಲ.

ವಾಚಕರೆ, ಇಂದು ನಮ್ಮ ಮನೆಗಳಲ್ಲಿ ಕಥೆಗೆ ಕೊರತೆಯಿಲ್ಲ. ರೇಡಿಯೋ ಹೇಳುತ್ತದೆ, ಟಿವಿ ತೋರಿಸುತ್ತದೆ, ಮೊಬೈಲು ಹಗಲಿರುಳೂ ಸುರಿಯುತ್ತದೆ. ಅಜ್ಜಿ ಒಂದು ಕೋಣೆಯಲ್ಲಿ ಪ್ರವಚನ ಕೇಳುತ್ತಾರೆ. ಮೊಮ್ಮಗ ಇನ್ನೊಂದು ಕೋಣೆಯಲ್ಲಿ ಆಟದಲ್ಲಿ ಮುಳುಗಿರುತ್ತಾನೆ. ಇವುಗಳಿಂದ ಉಪಕಾರವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಯಂತ್ರದಿಂದ ಬಂದ ಕಥೆಯನ್ನು ನಡುವೆ ತಡೆದು ‘ಅದು ಹೇಗೆ?’ ಎಂದು ಮಗು ಕೇಳಿದರೆ ಉತ್ತರ ಹೇಳಲು ಯಾರಾದರೂ ಬಳಿಯಲ್ಲಿರಬೇಕು. ಅಜ್ಜಿಗಾದರೋ, ಕಥೆ ಕೇಳಿಸಿಕೊಳ್ಳುವುದರಷ್ಟೇ, ತನ್ನನ್ನು ಒಬ್ಬರು ಕಥೆ ಕೇಳುತ್ತಾರೆಂಬುದೂ ಬೇಕು. ತಾನು ಇನ್ನೂ ಕೊಡಬಲ್ಲೆನೆಂದು ಅರಿತ ಮುದುಕರ ಮನಸ್ಸು ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ.

ಆದುದರಿಂದ ಈ ಸಂಚಿಕೆಯಲ್ಲಿ ಗುರುತು ಹಾಕಿಕೊಂಡ ಕಾರ್ಯಕ್ರಮವನ್ನು ಕೇಳಿದ ಮೇಲೆ ಕಾಲು ಗಂಟೆ ರೇಡಿಯೋ ನಿಲ್ಲಿಸಿ. ಮಗುವನ್ನು ಹಿರಿಯರ ಹಾಸಿಗೆಯ ಬಳಿಗೆ ಕಳುಹಿಸಿ. ಕಥೆ ಗೊತ್ತಿಲ್ಲವೆಂದು ಅವರು ಮೊದಮೊದಲು ಸಂಕೋಚಪಟ್ಟಾರು. ತಮ್ಮ ಊರಿನ ಕೆರೆ ಒಡೆದ ವರ್ಷದ ಸುದ್ದಿಯನ್ನಾದರೂ ಹೇಳಲಿ. ಮಗು ನಡುವೆ ಬಾಯಿ ಹಾಕಿದರೆ ಗದರಿಸಬೇಡಿ.