ಮಿತಾಕ್ಷರದ ವೇತನಾದಾನ ಪ್ರಕರಣ: ಕಲ್ಯಾಣದಿಂದ ಕಾಶಿಗೆ

ಸಾರನಾಥದಲ್ಲಿ 1908ರಲ್ಲಿ ದೊರೆತ ಕುಮಾರದೇವಿಯ ಶಾಸನವು ಕಾಶಿಯ ಇತಿಹಾಸವನ್ನು ಅಭ್ಯಸಿಸುವವರಿಗೆಲ್ಲ ಪರಿಚಿತವಾದುದು. ಗಾಹಡವಾಲ ದೊರೆ ಗೋವಿಂದಚಂದ್ರನ ರಾಣಿಯಾದ ಈಕೆ ಅಲ್ಲಿ ವಿಹಾರವನ್ನು ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಅದೇ ಗೋವಿಂದಚಂದ್ರನ ಸಾಂಧಿವಿಗ್ರಹಿಕನಾಗಿದ್ದ ಲಕ್ಷ್ಮೀಧರನು ಕೃತ್ಯಕಲ್ಪತರುವೆಂಬ ಬೃಹತ್ ಧರ್ಮನಿಬಂಧವನ್ನು ರಚಿಸಿದನು. ಆದರೆ ಮುಂದೆ ಕಾಶಿಯ ವ್ಯವಹಾರಶಾಸ್ತ್ರ ಪರಂಪರೆಯಲ್ಲಿ ಪರಮಪ್ರಮಾಣವೆಂಬ ಸ್ಥಾನವನ್ನು ಪಡೆದುದು ಈ ಸ್ಥಳೀಯ ನಿಬಂಧವಲ್ಲ, ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076–1126) ಆಳ್ವಿಕೆಯಲ್ಲಿ ಕನ್ನಡ ನಾಡಿನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ.

ಮಿತಾಕ್ಷರವೆಂದೊಡನೆ ವಿದ್ವಾಂಸರಿಗೆ ನೆನಪಾಗುವುದು ಅದರ ದಾಯವಿಭಾಗ ಪ್ರಕರಣ. ಅದೇ ಗ್ರಂಥದಲ್ಲಿ ವೇತನಾದಾನವೆಂಬ ಇನ್ನೊಂದು ಪ್ರಕರಣವಿದೆಯೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ವೇತನದ ಅದಾನ, ಅಂದರೆ ಸಲ್ಲಬೇಕಾದ ಸಂಬಳವನ್ನು ಕೊಡದಿರುವುದು, ಇಲ್ಲಿನ ವಿಷಯ. ಒಮ್ಮೆ ಗೊತ್ತುಮಾಡಿದ ಸಂಬಳವನ್ನು ಕೆಲಸಗಾರನ ಒಪ್ಪಿಗೆಯಿಲ್ಲದೆ ಒಡೆಯನು ಕಡಿಮೆ ಮಾಡಬಹುದೇ ಎಂಬ ಪ್ರಶ್ನೆಗೆ ಈ ಪ್ರಕರಣವು ನೀಡುವ ಉತ್ತರವನ್ನೂ, ಆ ಉತ್ತರಕ್ಕೆ ನಂತರದ ಶತಮಾನಗಳಲ್ಲಿ ಒದಗಿದ ಗತಿಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾರದಸ್ಮೃತಿಯು ಈ ವಿಚಾರದಲ್ಲಿ ಸ್ಪಷ್ಟವಾಗಿದೆ. ಕೆಲಸದ ಆದಿಯಲ್ಲಾಗಲಿ ಮಧ್ಯದಲ್ಲಾಗಲಿ ಕೊನೆಯಲ್ಲಾಗಲಿ, ಯಾವುದು ನಿಶ್ಚಯವಾಗಿದೆಯೋ ಅದರಂತೆ ಸ್ವಾಮಿಯು ಭೃತಕನಿಗೆ ವೇತನವನ್ನು ಸಲ್ಲಿಸತಕ್ಕದ್ದು. ಸಂಬಳವನ್ನು ಗೊತ್ತುಮಾಡದೆಯೇ ದುಡಿಸಿಕೊಂಡ ಪಕ್ಷದಲ್ಲಿ ಏನು ಮಾಡಬೇಕೆಂಬುದನ್ನು ಯಾಜ್ಞವಲ್ಕ್ಯನು ವಿಧಿಸುತ್ತಾನೆ: ವಾಣಿಜ್ಯ, ಪಶು, ಸಸ್ಯಗಳಿಂದ ಬಂದ ಲಾಭದ ಹತ್ತನೆಯ ಒಂದು ಪಾಲನ್ನು ಅರಸನು ಕೊಡಿಸಬೇಕು. ಮಾತೇ ಆಗಿಲ್ಲವೆಂಬುದು ಒಡೆಯನ ಅನುಕೂಲಕ್ಕೆ ಒದಗದಂತೆ ಈ ವಿಧಿಯು ತಡೆಯುತ್ತದೆ. ಹೊರೆಯಾಳಿನ ಕುರಿತಾದ ನಿಯಮವು ಇನ್ನೂ ಗಮನಾರ್ಹ. ಹೊರಡುವ ಹೊತ್ತಿಗೆ ಕೆಲಸ ಬಿಟ್ಟವನು ಕೂಲಿಯ ಏಳನೆಯ ಒಂದು ಭಾಗವನ್ನೂ, ದಾರಿಯಲ್ಲಿ ಬಿಟ್ಟವನು ನಾಲ್ಕನೆಯ ಒಂದು ಭಾಗವನ್ನೂ, ಅರ್ಧದಾರಿಯಲ್ಲಿ ಬಿಟ್ಟವನು ಪೂರ್ಣ ಕೂಲಿಯನ್ನೂ ತೆರಬೇಕು. ಆಳು ಕೆಲಸ ಬಿಡುವಂತೆ ಮಾಡಿದ ಒಡೆಯನಿಗೂ ಇದೇ ಪ್ರಮಾಣ ಅನ್ವಯಿಸುತ್ತದೆ. ಕರಾರು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆಂಬ ತತ್ತ್ವ ಇಲ್ಲಿ ನಿಚ್ಚಳವಾಗಿದೆ.

ಈ ತತ್ತ್ವಕ್ಕೆ ಇನ್ನೊಂದು ಪ್ರಾಚೀನ ಆಧಾರ ದೊರೆತುದೂ ಕನ್ನಡ ನಾಡಿನಿಂದಲೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ, ವೇತನವನ್ನು ಕೊಡದವನಿಗೆ ಅದರ ಹತ್ತನೆಯ ಒಂದು ಭಾಗ ಅಥವಾ ಆರು ಪಣ ದಂಡ. ಕೊಡಬೇಕಾದುದೇ ಇಲ್ಲವೆಂದು ಅಲ್ಲಗಳೆದವನಿಗೆ ಐದನೆಯ ಒಂದು ಭಾಗ ಅಥವಾ ಹನ್ನೆರಡು ಪಣ.

ಆದರೆ ಈ ವಿಧಿಗಳನ್ನು ಅತಿಯಾಗಿ ಕೊಂಡಾಡುವುದು ಉಚಿತವಲ್ಲ. ಇವು ಭೃತಕರಿಗೆ, ಅಂದರೆ ಕೂಲಿಗೆ ದುಡಿಯುವವರಿಗೆ, ಸಂಬಂಧಿಸಿದವು. ನಾರದನೇ ಹದಿನೈದು ಬಗೆಯ ದಾಸರನ್ನು ಎಣಿಸುತ್ತಾನೆ. ಅವರಿಗೆ ವೇತನದ ಮಾತೇ ಇಲ್ಲ. ಮನುಸ್ಮೃತಿಯ ಇದೇ ಪ್ರಕರಣವು ಬಹುಮಟ್ಟಿಗೆ ಕೆಲಸ ಬಿಟ್ಟ ಆಳಿನ ದಂಡನೆಯನ್ನೇ ಕುರಿತದ್ದು. ಶಾಸ್ತ್ರದ ವಿಧಿಯು ನಡೆವಳಿಕೆಯಲ್ಲಿ ಎಷ್ಟರಮಟ್ಟಿಗೆ ಪಾಲನೆಯಾಯಿತೆಂಬುದು ಬೇರೆಯೇ ವಿಚಾರ.

ಬ್ರಿಟಿಷರ ಆಡಳಿತದಲ್ಲಿ ಪ್ರಕರಣದ ಎರಡು ಮುಖಗಳು ಬೇರ್ಪಟ್ಟವು. ವಾರನ್ ಹೇಸ್ಟಿಂಗ್ಸನ 1772ರ ಯೋಜನೆಯು ಹಿಂದೂ ಧರ್ಮಶಾಸ್ತ್ರವನ್ನು ಉತ್ತರಾಧಿಕಾರ, ವಿವಾಹ, ಜಾತಿ ಹಾಗೂ ಧಾರ್ಮಿಕ ಆಚಾರಗಳಿಗೆ ಸೀಮಿತಗೊಳಿಸಿತು. ಕೋಲ್‌ಬ್ರೂಕನು 1810ರಲ್ಲಿ ಮಿತಾಕ್ಷರದ ದಾಯವಿಭಾಗವನ್ನು ಅನುವಾದಿಸಿದ ಮೇಲೆ ನ್ಯಾಯಾಲಯಗಳಿಗೆ ಮಿತಾಕ್ಷರವೆಂದರೆ ಅದೇ ಆಯಿತು. ವೇತನಾದಾನ ಪ್ರಕರಣವು ನ್ಯಾಯಪೀಠದ ಬಳಕೆಯಿಂದ ಮರೆಯಾಯಿತು. ಅದು ತೆರವು ಮಾಡಿದ ಎಡೆಯಲ್ಲಿ 1859ರ ಕೆಲಸಗಾರರ ಕರಾರುಭಂಗ ಅಧಿನಿಯಮವು ಬಂದು ನಿಂತಿತು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮೂರು ತಿಂಗಳವರೆಗೆ ಸೆರೆಗೆ ಕಳುಹಿಸಲು ಅದರಲ್ಲಿ ಅವಕಾಶವಿದ್ದಿತು. ಮಾತಿಗೆ ತಪ್ಪಿದ ಒಡೆಯನಿಗೆ ಅಂಥ ಶಿಕ್ಷೆಯಿರಲಿಲ್ಲ. ವಿಜ್ಞಾನೇಶ್ವರನು ಜೊತೆಯಾಗಿ ವ್ಯಾಖ್ಯಾನಿಸಿದ ಎರಡು ಹೊಣೆಗಳಲ್ಲಿ ಆಳಿನ ಹೊಣೆಯೊಂದೇ ಉಳಿದಂತಾಯಿತು. ಈ ಅಧಿನಿಯಮ ರದ್ದಾದುದು 1925ರ ಶಾಸನದಿಂದ.

ಒಡೆಯನ ಹೊಣೆಯು ಕಾನೂನಿಗೆ ಮರಳಿದುದು ನಿಧಾನವಾಗಿ. 1936ರ ವೇತನ ಪಾವತಿ ಅಧಿನಿಯಮವು ಕಾನೂನು ಹೆಸರಿಸಿದ ಕಾರಣಗಳಿಗಲ್ಲದೆ ಸಂಬಳದಲ್ಲಿ ಕಡಿತ ಮಾಡಬಾರದೆಂದಿತು. ಕೈಗಾರಿಕಾ ವಿವಾದ ಅಧಿನಿಯಮಕ್ಕೆ 1956ರಲ್ಲಿ ಸೇರಿದ 9-ಎ ಪ್ರಕರಣವು, ವೇತನವೂ ಸೇರಿದಂತೆ ಸೇವಾನಿಯಮಗಳನ್ನು ಬದಲಿಸುವ ಮುನ್ನ 21 ದಿನಗಳ ನೋಟಿಸನ್ನು ಕಡ್ಡಾಯಗೊಳಿಸಿತು. ನೋಟಿಸೆಂದರೆ ಒಪ್ಪಿಗೆಯಲ್ಲವೆಂಬುದನ್ನು ಮರೆಯಬಾರದು. ಆದರೆ ಆ ಅವಧಿಯಲ್ಲಿ ವಿವಾದವನ್ನೆತ್ತುವ ಅವಕಾಶ ಕಾರ್ಮಿಕರಿಗೆ ದೊರೆಯಿತು. ಕ್ರೌನ್ ಅಲ್ಯೂಮಿನಿಯಂ ಕಾರ್ಖಾನೆಯ ಮೊಕದ್ದಮೆಯಲ್ಲಿ 1957ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಇಂದಿನ ಗದಗ ಜಿಲ್ಲೆಯ ಗಜೇಂದ್ರಗಡದಿಂದ ಹೆಸರು ಪಡೆದ ಮನೆತನದವರಾದ ಇವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಉದ್ಯಮದ ಆರ್ಥಿಕ ಸಂಕಷ್ಟವು ಸಿದ್ಧವಾದಲ್ಲಿ ನ್ಯಾಯಾಧಿಕರಣವು ವೇತನವನ್ನು ಇಳಿಸಬಹುದಾದರೂ, ಜೀವನಾಧಾರವಾದ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಸುವಂತಿಲ್ಲವೆಂಬುದು ಆ ತೀರ್ಪಿನ ಸಾರ.

ಈ ಪ್ರಶ್ನೆಯು ಗ್ರಂಥಸ್ಥವಾಗಿಯೇ ಉಳಿದಿಲ್ಲವೆಂಬುದಕ್ಕೆ ಕರ್ನಾಟಕದ ಉಡುಪು ಕಾರ್ಖಾನೆಗಳು ನಿದರ್ಶನ. 2020ರ ಏಪ್ರಿಲ್‌ನಿಂದ ಸಲ್ಲಬೇಕಾಗಿದ್ದ, ತಿಂಗಳಿಗೆ ಸುಮಾರು 417 ರೂಪಾಯಿಗಳ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರವು ಅದೇ ವರ್ಷದ ಜುಲೈ ತಿಂಗಳಿನ ಆದೇಶದಿಂದ ಮುಂದೂಡಿತು. ಕಾರ್ಮಿಕ ಸಂಘದವರು ಮೊರೆಹೋದಾಗ ಉಚ್ಚ ನ್ಯಾಯಾಲಯವು ಸೆಪ್ಟೆಂಬರಿನಲ್ಲಿ ಆ ಆದೇಶಕ್ಕೆ ತಡೆ ನೀಡಿತು. ಆದರೂ ಬಹುಸಂಖ್ಯೆಯ ಕೆಲಸಗಾರರಿಗೆ, ಅವರಲ್ಲಿ ಹೆಚ್ಚಿನವರಾದ ಮಹಿಳೆಯರಿಗೆ, ಬಾಕಿ ಹಣ ಕೈಸೇರಲು 2022ರವರೆಗೆ ಕಾಯಬೇಕಾಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೆಯ ಪ್ರಕರಣವು 21 ದಿನಗಳ ನೋಟಿಸಿನ ನಿಯಮವನ್ನು ಉಳಿಸಿಕೊಂಡಿದೆ. ಈ ಸಂಹಿತೆಯ ವ್ಯಾಪ್ತಿಗೆ ಬಾರದ ನೌಕರರಿಗೆ 1872ರ ಕರಾರು ಅಧಿನಿಯಮವೇ ಆಶ್ರಯ. ಅದರಂತೆ ಕರಾರನ್ನು ಬದಲಿಸಲು ಉಭಯ ಪಕ್ಷಗಳ ಸಮ್ಮತಿ ಬೇಕು.

ಮೇಲಿನ ಪರಿಶೀಲನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಂಬಳದ ಮಾತು ಇಬ್ಬರ ಮಾತು. ಒಬ್ಬನೇ ಅದನ್ನು ತಿದ್ದಲಾರನು ಎಂಬ ವಿಚಾರವು ಪಶ್ಚಿಮದಿಂದ ಹೊಸದಾಗಿ ಬಂದುದಲ್ಲ. ಹೊಸದಾಗಿ ಬಂದುದು, ತಿದ್ದುವ ಮುನ್ನ ಕೆಲಸಗಾರನಿಗೆ ತಿಳಿಸಬೇಕು, ಅವನ ಮಾತನ್ನೂ ಕೇಳಬೇಕು ಎಂಬ ವಿಧಿ. ಪ್ರಾಚೀನ ವಿಧಿಯಲ್ಲಿ ಕೆಲಸಗಾರನಿಗೆ ಅರಸನ ರಕ್ಷೆಯಿದ್ದಿತು, ಅವನದೇ ಆದ ದನಿಯಿರಲಿಲ್ಲ. ಕಲ್ಯಾಣದಿಂದ ಕಾಶಿಗೆ ಹೋದ ಗ್ರಂಥವನ್ನು ಆಸ್ತಿಯ ಪಾಲಿಗಾಗಿ ಎರಡು ಶತಮಾನಗಳ ಕಾಲ ಓದಲಾಗಿದೆ. ಕೂಲಿಯ ಪಾಲಿಗಾಗಿಯೂ ಅದನ್ನು ಓದುವುದು ಇನ್ನು ಮುಂದಿನ ಸಂಶೋಧಕರ ಹೊಣೆ.