ಹುಟ್ಟಲೊಲ್ಲದ ಬೀಗದ ಕೈ

ಮೊನ್ನೆ ರಾತ್ರಿ ಒಂದು ಡೆಬಿಯನ್ ಪ್ಯಾಕೇಜ್ ಕಟ್ಟಿ ಸಹಿ ಹಾಕೋಣ ಅಂತ ಕೂತಿದ್ದೆ. ಸಹಿಗೆ ಕೀಲಿ ಬೇಕಲ್ಲ, ಸರ್ವರಿನಲ್ಲಿ ಬಿಲ್ಡ್‌ಗೆಂದೇ ಇರುವ ಬಳಕೆದಾರನಾಗಿ ‘ಸು’ ಮಾಡಿಕೊಂಡು ಜಿಪಿಜಿ ಓಡಿಸಿದೆ. ಹೆಸರು ಕೇಳಿತು, ಇಮೇಲ್ ಕೇಳಿತು, ಕೊನೆಗೆ ‘ಏಜೆಂಟ್ ಜೆನ್‌ಕೀ ಫೇಲ್ಡ್: ಪರ್ಮಿಷನ್ ಡಿನೈಡ್’ ಅಂದು ಕೈ ಎತ್ತಿಬಿಟ್ಟಿತು. ಫೋಲ್ಡರುಗಳ ಪರ್ಮಿಷನ್ ಎಲ್ಲಾ ತಡಕಾಡಿದೆ. ಎಲ್ಲಾ ಸರಿಯಾಗೇ ಇತ್ತು!

ಕಾರಣ ಬೇರೆ ಕಡೆ ಇತ್ತು. 2014ರಲ್ಲಿ ಬಂದ ಜಿಪಿಜಿ 2.1ರಿಂದ ಖಾಸಗಿ ಕೀಲಿಯ ಕೆಲಸವೆಲ್ಲ ಜಿಪಿಜಿ-ಏಜೆಂಟ್ ಅನ್ನೋ ಇನ್ನೊಂದು ಪ್ರೋಗ್ರಾಮಿನದು. ಪಾಸ್‌ಫ್ರೇಸ್ ಕೇಳಲು ಅದು ಪಿನ್‌ಎಂಟ್ರಿಯನ್ನು ಕರೆಯುತ್ತೆ, ಪಿನ್‌ಎಂಟ್ರಿ ಹೋಗಿ ಟರ್ಮಿನಲ್ ತೆರೆಯುತ್ತೆ. ‘ಸು’ ಮಾಡಿದರೆ ನಾವು ಬದಲಾಗ್ತೀವಿ, ಟರ್ಮಿನಲ್ ಮಾತ್ರ ಮೊದಲು ಲಾಗಿನ್ ಆದವನ ಹೆಸರಲ್ಲೇ ಇರುತ್ತೆ. ಬಾಗಿಲು ತೆರೆಯದೆ ಪಿನ್‌ಎಂಟ್ರಿ ವಾಪಸ್ಸು... ಬಿಲ್ಡ್ ಬಳಕೆದಾರನಾಗಿಯೇ ನೇರವಾಗಿ ಎಸ್‌ಎಸ್‌ಎಚ್ ಮಾಡಿದೆ. ಕೀಲಿ ಹುಟ್ಟಿತು :)

ಬೈದುಕೊಂಡು ಮಲಗಿದರೂ ನಿದ್ದೆ ಬರಲಿಲ್ಲ, ಈ ಕೀಲಿಗಳ ಚರಿತ್ರೆ ಓದುತ್ತಾ ಹೋದೆ.

ಕೀಲಿ ಅಂದರೆ ಮೂಲತಃ ಯಾರೂ ಊಹಿಸಲಾಗದ ಸಂಖ್ಯೆ. ಹೇಳಿದ್ದನ್ನಷ್ಟೇ ಮಾಡುವ ಯಂತ್ರಕ್ಕೆ ಊಹೆಗೆ ಸಿಗದ್ದು ಹೇಗೆ ಗೊತ್ತಾಗಬೇಕು? 1991ರಲ್ಲಿ ಫಿಲ್ ಝಿಮ್ಮರ್‌ಮನ್ ಬರೆದ ಪಿಜಿಪಿ, ಕೀಬೋರ್ಡ್ ಮೇಲೆ ಸುಮ್ಮನೆ ಏನಾದ್ರೂ ಕುಟ್ಟಿ ಅಂತ ಕೇಳುತ್ತಿತ್ತು. ಒತ್ತುಗಳ ನಡುವಿನ ಸಮಯವೇ ಅದಕ್ಕೆ ಬಂಡವಾಳ. 1994ರಲ್ಲಿ ಥಿಯೋಡೋರ್ ತ್ಸೋ ಲಿನಕ್ಸ್ ಕರ್ನಲ್ಲಿಗೇ ಇಂಥ ಹುಂಡಿಯೊಂದನ್ನು ಇಟ್ಟರು, ಅದೇ ಡೆವ್-ರ‍್ಯಾಂಡಮ್. ಡಿಸ್ಕ್, ಮೌಸ್, ಕೀಬೋರ್ಡಿನ ಏರುಪೇರುಗಳೆಲ್ಲ ಅದರಲ್ಲಿ ಬಂದು ಬೀಳುತ್ತಿದ್ದವು. ಹುಂಡಿ ಖಾಲಿಯಾದರೆ? ಕಾಯಬೇಕು! ಕೀಬೋರ್ಡು ಮೌಸು ಇಲ್ಲದ ಸರ್ವರುಗಳಲ್ಲಿ ಜಿಪಿಜಿ ‘ಸಾಕಷ್ಟು ರ‍್ಯಾಂಡಮ್ ಬೈಟುಗಳಿಲ್ಲ, ಬೇರೇನಾದರೂ ಕೆಲಸ ಮಾಡಿ’ ಅಂತ ಕೂತುಬಿಡುತ್ತಿತ್ತು. 2020ರ ಲಿನಕ್ಸ್ 5.6 ಬಂದ ಮೇಲೆ ಈ ಗೋಳು ತಪ್ಪಿತು. ಯಂತ್ರ ಏಳುವಾಗ ಒಮ್ಮೆ ಹುಂಡಿ ತುಂಬಿದರೆ ಆಮೇಲೆ ಕಾಯಬೇಕಿಲ್ಲ.

ಆದರೆ ನಿಜವಾದ ಅನಾಹುತ ಆದದ್ದು ಯಾವ ಎರರ್ ಕೂಡ ಬರದಿದ್ದಾಗ.

2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ವಾಲ್‌ಗ್ರೈಂಡ್ ಎಂಬ ಪರೀಕ್ಷಕ ಕೊಡುತ್ತಿದ್ದ ಎಚ್ಚರಿಕೆಯ ಬಾಯಿ ಮುಚ್ಚಿಸಲು ಕೋಡಿನ ಸಾಲುಗಳನ್ನು ತೆಗೆದರು. ಅವುಗಳಲ್ಲೊಂದು, ಹುಂಡಿಗೆ ಕಾಸು ಹಾಕುತ್ತಿದ್ದ ಸಾಲು. ಉಳಿದದ್ದು ಪ್ರೋಸೆಸ್ ಸಂಖ್ಯೆ ಮಾತ್ರ, ಅದರ ಮಿತಿಯೋ 32,768. ಅಲ್ಲಿಂದ ಮುಂದೆ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಗೆ, ಹುಟ್ಟಬಹುದಾದ ಎಸ್‌ಎಸ್‌ಎಚ್ ಕೀಲಿಗಳು ಬರೀ ಮೂವತ್ತೆರಡು ಸಾವಿರ ಚಿಲ್ಲರೆ! ಸೆಪ್ಟೆಂಬರ್ 2006ರಿಂದ ಮೇ 2008ರವರೆಗೆ ಇಪ್ಪತ್ತು ತಿಂಗಳು ಕೀಲಿಗಳು ಸಲೀಸಾಗಿ ಹುಟ್ಟಿದವು, ಯಾರಿಗೂ ಸಂಶಯ ಬರಲಿಲ್ಲ. ಲೂಸಿಯಾನೋ ಬೆಲ್ಲೋ ಅದನ್ನು ಪತ್ತೆ ಮಾಡಿದರು. 13 ಮೇ 2008ರಂದು ಡೆಬಿಯನ್ ಪ್ರಕಟಣೆ ಹೊರಡಿಸಿತು. ಜಗತ್ತಿನಾದ್ಯಂತ ಕೀಲಿಗಳನ್ನು ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು.

ಇಲ್ಲೊಂದು ವಿಚಿತ್ರ ನೋಡಿ. 2007ರ ಡೆಬಿಯನ್ 4.0, ಆಪ್ಟ್ ಮೂಲಕ ಪ್ಯಾಕೇಜುಗಳ ಸಹಿ ಪರೀಕ್ಷಿಸಿದ ಮೊದಲ ಸ್ಥಿರ ಆವೃತ್ತಿ. ಅದೇ ಆವೃತ್ತಿಯೊಳಗೆ ಈ ಮುರುಕು ಓಪನ್‌ಎಸ್‌ಎಸ್‌ಎಲ್ ಕೂಡ ಕೂತಿತ್ತು. ಪುಣ್ಯಕ್ಕೆ ಸಹಿ ಹಾಕುತ್ತಿದ್ದದ್ದು ಜಿಪಿಜಿ, ಅದು ಓಪನ್‌ಎಸ್‌ಎಸ್‌ಎಲ್ ಅನ್ನು ನಂಬಿಕೊಂಡಿರಲಿಲ್ಲ. ಹಾಗಾಗಿಯೇ ರಿಪೇರಿ ಮಾಡಿದ ಪ್ಯಾಕೇಜು ಬಂದಾಗ ಅದರ ಸಹಿಯನ್ನು ಜನ ನಂಬಬಹುದಿತ್ತು. ಅದೂ ಕೆಟ್ಟಿದ್ದರೆ ಔಷಧಿಯನ್ನೇ ಅನುಮಾನಿಸಬೇಕಿತ್ತು.

ಇದನ್ನೆಲ್ಲ ಓದಿದ ಮೇಲೆ ನನ್ನ ‘ಪರ್ಮಿಷನ್ ಡಿನೈಡ್’ ಮೇಲಿದ್ದ ಸಿಟ್ಟು ಇಳಿಯಿತು. ಆಗೋಲ್ಲ ಅಂತ ಮುಖಕ್ಕೇ ಹೇಳಿದ ಪ್ರೋಗ್ರಾಮು ನನಗೆ ಮೋಸ ಮಾಡಲಿಲ್ಲವಲ್ಲ. ಇನ್ನು ಮೇಲೆ ವಾರ್ನಿಂಗ್ ಕಾಟ ಅಂತ ಒಂದು ಸಾಲು ಕಾಮೆಂಟ್ ಮಾಡುವ ಮುಂಚೆ, ಆ ಸಾಲು ಏನು ಮಾಡುತ್ತಿತ್ತು ಅಂತ ಒಮ್ಮೆ ನೋಡ್ತೀನಿ.

ನೀವು ಹಾಗೆ ಬಾಯಿ ಮುಚ್ಚಿಸಿದ ವಾರ್ನಿಂಗ್ ಯಾವುದಾದರೂ ಇದೆಯಾ? :)